ಸುರಂಗದಲ್ಲೊಬ್ಬ ಗಯ್ಯಾಳಿ

ಮನುಷ್ಯ ಮೂವತ್ತರ ಆಸುಪಾಸಿನಲ್ಲಿ ಯಾವ ಕಲಾಕೃತಿಯನ್ನೂ ಸೃಷ್ಟಿಸಬಾರದು, ಸೃಷ್ಟಿಸಲೇಬೇಕೆಂದು ಕೈ ತುರಿಸಿದರೆ ಬೇಗ ಹಾಳಾಗುವಂಥದ್ದನ್ನು ಸೃಷ್ಟಿಸಬೇಕು ಎಂಬುದು ನನ್ನ ಈಗಿನ ಅಭಿಪ್ರಾಯ. ಕವಿತೆ ಬರೆದವರು ಪುಣ್ಯವಂತರು, ಅದನ್ನು ಗೆದ್ದಲು ತಿನ್ನುತ್ತದೆ. ಹಾಡಿದವರು ಇನ್ನೂ ಪುಣ್ಯವಂತರು, ಅದು ಹಾಡುತ್ತಿದ್ದಂತೆಯೇ ಗಾಳಿಗೆ ಹೋಗುತ್ತದೆ. ನಾನು ಪಾಪಿ. ನಾನು ಮಾಡಿದ್ದು ಪ್ಲಾಸ್ಟರಿನಲ್ಲಿ, ಅದೂ ಒಳಗೆ ಕಬ್ಬಿಣದ ಸರಳು ಕೊಟ್ಟು. ನಾರಾಯಣಪೇಟೆಯ ಶಾಲೆಯಲ್ಲಿ ಮೂವತ್ತೈದು ವರ್ಷ ಡ್ರಾಯಿಂಗ್ ಮಾಸ್ತರನಾಗಿದ್ದೆ. ಸಾವಿರಾರು ಮಕ್ಕಳಿಗೆ ಮಾವಿನಹಣ್ಣು, ಹೂಜಿ, ಸೂರ್ಯೋದಯ ಬಿಡಿಸುವುದನ್ನು ಕಲಿಸಿದೆ. ಅವರಲ್ಲಿ ಒಬ್ಬನಿಗೂ ಅದು ನೆನಪಿಲ್ಲ. ದಾರಿಯಲ್ಲಿ ಸಿಕ್ಕವರೆಲ್ಲ, "ಸಾರ್, ಆ ಲಟ್ಟಣಿಗಿ ಹಿಡಿದ ಹೆಂಗಸನ್ನ ಮಾಡ್ದಾವ್ರು ನೀವೇ ಅಲ್ಲೇನ್ರೀ?" ಎಂದು ಕೇಳುತ್ತಾರೆ. ಹೌದು, ನಾನೇ. ಮೊನ್ನೆಮೊನ್ನೆಯವರೆಗೆ ಎದೆ ಉಬ್ಬಿಸಿಕೊಂಡು ಹೌದೆನ್ನುತ್ತಿದ್ದೆ. ಈಗ ಯಾರಾದರೂ ಹಾಗೆ ಕೇಳಿದರೆ ಪಕ್ಕದ ಓಣಿಗೆ ತಿರುಗಿಬಿಡುತ್ತೇನೆ, ಆ ಓಣಿಯಲ್ಲಿ ನನಗೆ ಕೆಲಸವಿರಲಿ ಬಿಡಲಿ.

ವಿಷಯವೇನೆಂದು ಮೊದಲಿನಿಂದ ಹೇಳಬೇಕು. ಗದ್ವಾಲಿನಲ್ಲಿ ಕೋಟೆ ದಾಟಿ ನದಿಯ ಕಡೆ ಹೋಗುವ ರಸ್ತೆಗೆ ಒಂದು ವಿನೋದ ಉದ್ಯಾನವಿದೆ. ಅದರ ಫಲಕದ ಮೇಲೆ ಒಂದು ಮೊಳ ಉದ್ದದ ಹೆಸರಿದೆ, ಅದನ್ನು ಬರೆದವನೂ ನಾನೇ, ಆದರೆ ಅದನ್ನು ಓದಿದವರು ಯಾರೂ ಇಲ್ಲ. ಎಲ್ಲರೂ ಚಮನ್ ಎನ್ನುತ್ತಾರೆ. ತಿರುಗುವ ಬುಟ್ಟಿಗಳು, ತೂಗುವ ದೋಣಿ, ಕಿವಿ ಮುರಿದ ಕುದುರೆಗಳ ಚಕ್ರ ಎಲ್ಲ ಇವೆ. ಆದರೆ ಗುಂಡುಮಾಲ್‌ನಿಂದ ಮಾನೋಪಾಡಿನವರೆಗೆ ಜನ ಮಕ್ಕಳನ್ನು ಕಟ್ಟಿಕೊಂಡು ಬರುವುದು ನಗುವಿನ ಸುರಂಗಕ್ಕೆ. ಒಂದು ಪುಟ್ಟ ರೈಲು, ಅದರಲ್ಲಿ ಇಪ್ಪತ್ತು ಜನ. ರೈಲು ಕತ್ತಲೆಯ ಸುರಂಗದೊಳಗೆ ಹೋಗಿ ಮೂರು ಕಡೆ ನಿಲ್ಲುತ್ತದೆ. ನಿಂತಲ್ಲಿ ಒಂದು ದೀಪ ಹೊತ್ತುತ್ತದೆ, ಗೊಂಬೆ ಅಲ್ಲಾಡುತ್ತದೆ, ಒಂದು ಮಾತು ಆಡುತ್ತದೆ. ಮೊದಲನೆಯದು ಕುರಿಗಾರನ ಗೊಂಬೆ. ಅವನ ಕೊರಳಿಗೆ ಹಗ್ಗ, ಹಗ್ಗದ ತುದಿ ಕುರಿಯ ಬಾಯಲ್ಲಿ, ಕುರಿ ಅವನನ್ನು ಮೇಯಿಸಲು ಕರೆದೊಯ್ಯುತ್ತಿದೆ. ಎರಡನೆಯದು ಮೇಜಿನ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುವ ಕಚೇರಿಯ ಸಾಹೇಬನದು. ಮೂರನೆಯದು ಗಯ್ಯಾಳಿ. ಬಾಗಿಲಲ್ಲಿ ಗಂಡ ಕೈಚೀಲ ಹಿಡಿದು ನಡುಗುತ್ತ ನಿಂತಿದ್ದಾನೆ. ಎದುರಿಗೆ ಹೆಂಡತಿ, ಗಿಣಿಯ ಕೊಕ್ಕಿನಂಥ ಮೂಗು, ಕೆನ್ನೆಗೊಂದು ಹುಣಸೆಬೀಜದಷ್ಟು ಮಚ್ಚೆ. ಲಾರಿಯ ಗಾಜು ಒರೆಸುವ ಮೋಟರು ಕೂರಿಸಿದ್ದರಿಂದ ಅವಳ ಬಲಗೈಯ ಲಟ್ಟಣಿಗೆ ಏಳುತ್ತದೆ, ಬೀಳುತ್ತದೆ. ಅವಳು ಕಿರುಚುತ್ತಾಳೆ: "ಈಗ ಬಂದ್ರೇನ್ರೀ?"

ಇಷ್ಟೇ. ಇದನ್ನು ಕೇಳಿ ಮೂರು ಊರಿನ ಜನ ಮೂವತ್ತು ವರ್ಷ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಾರೆ. ಆ ಮಾತು ಸುರಂಗ ಬಿಟ್ಟು ಹೊರಗೆ ಬಂತು. ಬಸ್ಸಿಗೆ ಓಡಿ ಬಂದವನಿಗೆ ಕಂಡಕ್ಟರು ಅದನ್ನೇ ಅನ್ನುತ್ತಾನೆ. ತಡವಾಗಿ ಬಂದ ಹುಡುಗನಿಗೆ ನಮ್ಮ ಹೆಡ್‌ಮಾಸ್ತರರೂ ಅನ್ನುತ್ತಿದ್ದರು, ಅನ್ನುವಾಗ ಬಲಗೈಯನ್ನು ಮೇಲೆ ಕೆಳಗೆ ಆಡಿಸುತ್ತಿದ್ದರು. ನಮ್ಮದು ಗಡಿಸೀಮೆ, ತೆಲುಗಿನಲ್ಲಿ ಜಗಳ ತೆಗೆದವರು ಕೂಡ ಈ ಒಂದು ಮಾತನ್ನು ಕನ್ನಡದಲ್ಲೇ ಆಡುವುದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಆ ದನಿ ನನ್ನದು. ಮೂಗು ಹಿಡಿದುಕೊಂಡು, ಹೆಬ್ಬೆರಳ ಮೇಲೆ ನಿಂತು, ಎಷ್ಟು ಎತ್ತರಕ್ಕೆ ಹೋಗಬಹುದೋ ಅಷ್ಟು ಎತ್ತರಕ್ಕೆ ಹೋಗಿ ಕ್ಯಾಸೆಟ್ಟಿಗೆ ಕೊಟ್ಟದ್ದು. ಕ್ಯಾಸೆಟ್ಟು ಹೋಗಿ ಈಗ ಉಗುರಿನಷ್ಟು ಮೆಮೊರಿ ಚಿಪ್ಪಿನೊಳಗೆ ಕೂತಿದೆ, ಆದರೂ ಕಿರುಚುವುದರಲ್ಲಿ ಕೊರತೆಯಿಲ್ಲ.

ಇನ್ನು ನಾನು ಯಾರಿಗೂ ಹೇಳದಿದ್ದ ಸಂಗತಿ. ಆ ಗೊಂಬೆಗೆ ಮಾದರಿಯಾದವಳು ನನ್ನ ಹೆಂಡತಿ ಭಾಗಮ್ಮ. ಬೈಗುಳಕ್ಕಾಗಿ ಅಲ್ಲ. ಭಾಗಮ್ಮ ಬೈದದ್ದನ್ನು ಯಾರೂ ಕೇಳಿಲ್ಲ, ನಾನೂ ಕೇಳಿಲ್ಲ. ನನಗೆ ಎತ್ತರ, ಭುಜ, ಕೈಯ ಅಳತೆ ಬೇಕಿತ್ತು. ಮನೆಯಲ್ಲಿ ಅಳತೆಗೆ ಸುಮ್ಮನೆ ನಿಲ್ಲುವವಳು ಅವಳೊಬ್ಬಳೇ. ರವಿಕೆಗೆ ಅಳತೆಯೆಂದು ಹೇಳಿ ದಾರ ಹಿಡಿದೆ. ಲಟ್ಟಣಿಗೆಯಂತೂ ಶುದ್ಧ ಸುಳ್ಳು. ನಮ್ಮದು ಕೈಯಲ್ಲಿ ರೊಟ್ಟಿ ಬಡಿಯುವ ಸೀಮೆ, ಲಟ್ಟಣಿಗೆ ವರ್ಷಕ್ಕೆ ಎರಡು ಸಲ ಹೋಳಿಗೆಗೆ ಮಾತ್ರ ಹೊರಗೆ ಬರುತ್ತದೆ. ನಾನು ವಾರಪತ್ರಿಕೆಯ ವ್ಯಂಗ್ಯಚಿತ್ರದಲ್ಲಿ ನೋಡಿದ್ದೆ, ಹೆಂಡತಿಯೆಂದರೆ ಲಟ್ಟಣಿಗೆ ಇರಬೇಕೆಂದುಕೊಂಡೆ. ಯಾರಿಗೂ ಗುರುತು ಸಿಗದಿರಲೆಂದು ಮೂಗು ಉದ್ದ ಮಾಡಿದೆ, ಹಲ್ಲು ಹೊರಗೆ ತಂದೆ, ಮಚ್ಚೆಯಿಟ್ಟೆ. ದೇವರಾಣೆ, ಮುಖದಲ್ಲಿ ಭಾಗಮ್ಮನ ಕುರುಹು ಒಂದಿಷ್ಟೂ ಉಳಿಯಲಿಲ್ಲ. ಇಷ್ಟೆಲ್ಲ ಜಾಣತನ ಮಾಡಿ ಕೊನೆಗೆ ಗೊಂಬೆಗೆ ಉಡಿಸಲು ಸೀರೆ ಬೇಕಾದಾಗ, ಅವಳ ಟ್ರಂಕಿನ ತಳದಲ್ಲಿದ್ದ ಹರಿದ ಸೀರೆಯನ್ನು ತೆಗೆದುಕೊಂಡು ಹೋದೆ.

ಆ ಸೀರೆ ಅವಳ ಅಪ್ಪ ನೇಯ್ದದ್ದು. ಮಾವನವರು ಮಕ್ತಲ್‌ನಲ್ಲಿದ್ದರು, ಮಗ್ಗದ ಮೇಲೆಯೇ ಬದುಕಿದವರು. ಮಗಳ ಮದುವೆಗೆಂದು ತಾವೇ ಕೂತು ನೇಯ್ದಿದ್ದರು: ಕೆಂಪು ಮೈಗೆ ಸಣ್ಣ ಚೌಕಡಿ, ಸಾಸಿವೆ ಬಣ್ಣದ ಅಂಚು, ಅಂಚಿನ ಮೇಲೆ ಗೋಪುರದ ಸಾಲು. ಸೆರಗು ಮುಗಿಯುವಲ್ಲಿ ಒಂದೇ ಒಂದು ಬಿಳಿ ಎಳೆ ಹಾಯಿಸಿ ನಿಲ್ಲಿಸುವುದು ಅವರ ಪದ್ಧತಿ. ಯಾಕೆಂದು ಒಮ್ಮೆ ಕೇಳಿದ್ದೆ. "ಇಲ್ಲಿಗೆ ನನ್ನ ಕೈ ನಿಂತೈತಿ ಅಂತ ಗುರ್ತು ಬ್ಯಾಡೇನ್ರೀ ಮಾಸ್ತರ?" ಎಂದಿದ್ದರು. ಸೀರೆ ಕಾಣೆಯಾದದ್ದಕ್ಕೆ ಭಾಗಮ್ಮನಿಗೆ ಉತ್ತರ ಕೊಡಬೇಕಲ್ಲ? ಹಳೆ ಬಟ್ಟೆ ತೆಗೆದುಕೊಂಡು ಸ್ಟೀಲು ಪಾತ್ರೆ ಕೊಡುವವನು ಬಂದಿದ್ದ, ಹರಕು ಸೀರೆ ಕೊಟ್ಟುಬಿಟ್ಟೆ ಎಂದೆ. ಸಾಕ್ಷಿಗೆಂದು ಅಂಗಡಿಯಿಂದ ಮುಚ್ಚಳವಿರುವ ಒಂದು ಸ್ಟೀಲಿನ ಡಬ್ಬಿಯನ್ನೂ ತಂದು ಕೊಟ್ಟೆ. ಅವಳು ಡಬ್ಬಿಯನ್ನು ತಿರುಗಿಸಿ ನೋಡಿ, ಅದರಲ್ಲಿ ಸಕ್ಕರೆ ತುಂಬಿದಳು. ಮೂವತ್ತು ವರ್ಷ ನಾನು ಕುಡಿದ ಒಂದೊಂದು ಲೋಟ ಚಹಾದ ಸಕ್ಕರೆಯೂ ಆ ಡಬ್ಬಿಯಿಂದಲೇ ಬಂದಿದೆ.

ಮಾತಿನ ವಿಷಯ ಇದಕ್ಕಿಂತ ಕೆಟ್ಟದ್ದು. ಗೊಂಬೆಯ ಕೆಲಸ ನಡೆದಾಗ ನಾನು ವಾರಗಟ್ಟಲೆ ಗದ್ವಾಲಿನಲ್ಲೇ ಇದ್ದೆ. ಮಾವನವರಿಗೆ ಹುಷಾರಿಲ್ಲವೆಂದು ಭಾಗಮ್ಮ ಮಕ್ತಲ್‌ಗೆ ಹೋಗಿದ್ದಳು. ಒಂದು ದಿನ ಬೆಳಿಗ್ಗೆ ಯಾರೋ ಬಂದು, ಮಾವನವರದು ಗಂಭೀರ ಐತಿ, ಕೂಡಲೇ ಬರಬೇಕಂತೆ ಎಂದು ಹೇಳಿ ಹೋದರು. ಅವರದು ಅದಕ್ಕೆ ಮೊದಲು ಎರಡು ಸಲ ಗಂಭೀರವಾಗಿ ಎರಡು ಸಲವೂ ಎದ್ದು ಕೂತಿದ್ದರು. ನನ್ನ ಕೈಯಲ್ಲಿ ಹಸಿ ಪ್ಲಾಸ್ಟರು, ಗೊಂಬೆಯ ಮೂಗು ಅರ್ಧ ಆಗಿತ್ತು. ಮೂಗು ಮುಗಿಸಿ ಹೋದರಾಯಿತು ಎಂದುಕೊಂಡೆ. ಮೂಗು ಎರಡು ಸಲ ಮುರಿಯಿತು. ನಾನು ಮಕ್ತಲ್ ತಲುಪಿದಾಗ ಸಂಜೆಯಾಗಿತ್ತು, ಎಲ್ಲ ಮುಗಿಸಿ ಜನ ಸ್ನಾನ ಮಾಡಿ ಕೂತಿದ್ದರು. ಭಾಗಮ್ಮ ಬಾಗಿಲಲ್ಲಿ ನಿಂತಿದ್ದಳು. ನನ್ನ ಬೆರಳಿಗೆ ಅಂಟಿದ್ದ ಪ್ಲಾಸ್ಟರನ್ನು ನೋಡಿದಳು. ಆಮೇಲೆ ನನ್ನ ಮುಖ ನೋಡಿ ಹೇಳಿದಳು: "ಈಗ ಬಂದ್ರೇನ್ರೀ?"

ಹತ್ತು ದಿನ ಕಳೆದ ಮೇಲೆ ಚಮನ್ ಮಾಲೀಕರು, ಗೊಂಬೆಗೆ ಒಂದು ಖಡಕ್ ಮಾತು ಬೇಕು ಮಾಸ್ತರ, ಗಂಡ ತಡವಾಗಿ ಬಂದಾನ, ಆಕಿ ಏನಂತಾಳ, ಎಂದು ಕೇಳಿದರು. ನನ್ನ ಬಾಯಿಗೆ ಬಂದದ್ದು ಅದೇ. ಬೇರೆ ಯಾವ ಮಾತೂ ಹೊಳೆಯಲಿಲ್ಲ ಎಂದರೆ ನೀವು ನಂಬಬೇಕು. ನಂಬದಿದ್ದರೂ ನಡೆಯುತ್ತದೆ, ನನಗೇ ಈಗ ನಂಬಿಕೆ ಉಳಿದಿಲ್ಲ. ಎಲ್ಲರೂ ನಕ್ಕರು, ನಾನೂ ನಕ್ಕೆ. ನಗುವ ಜನರ ನಡುವೆ ನಿಂತಾಗ ನಾಚಿಕೆಯಾಗುವುದಿಲ್ಲ. ನನಗೆ ನಾಚಿಕೆಯಾಗಲು ಮೂವತ್ತು ವರ್ಷ ಹಿಡಿಯಿತು.

ಅಂದಿನಿಂದ ನನ್ನ ಬದುಕಿನ ಮುಖ್ಯ ಉದ್ಯೋಗ ಭಾಗಮ್ಮ ಚಮನ್‌ಗೆ ಹೋಗದಂತೆ ನೋಡಿಕೊಳ್ಳುವುದಾಯಿತು. ಮಕ್ಕಳು ಕರೆದಾಗ ಅವಳಿಗೆ ಮಂಡಿ ನೋವು, ನೆರೆಯವರು ಕರೆದಾಗ ಮಗ್ಗದ ಕೆಲಸ. ಅವಳು ಹೇಳದಿದ್ದರೆ ನಾನೇ ಅವಳ ಪರವಾಗಿ ಹೇಳುತ್ತಿದ್ದೆ. ಅವಳು ಒಂದು ಸಲವೂ ಹೋಗುತ್ತೇನೆಂದು ಹಟ ಹಿಡಿಯಲಿಲ್ಲ. ನನ್ನ ಅದೃಷ್ಟ ದೊಡ್ಡದೆಂದುಕೊಂಡೆ. ಬೀದಿಯಲ್ಲಿ ಯಾರಾದರೂ ಆ ಮಾತನ್ನು ಆಡಿದರೆ ಅವಳ ಮುಖವನ್ನು ಓರೆಗಣ್ಣಿನಿಂದ ನೋಡುತ್ತಿದ್ದೆ. ಅವಳು ಸೊಪ್ಪು ಆರಿಸುತ್ತಿರುತ್ತಿದ್ದಳು. ಊರೆಲ್ಲ ಆಡುವ ಮಾತು ತಾಯಿ, ನಿನ್ನದಲ್ಲ ಎಂದು ಮನಸ್ಸಿನಲ್ಲೇ ಅವಳಿಗೆ ಸಮಾಧಾನ ಹೇಳುತ್ತಿದ್ದೆ.

ಹೀಗಿರುವಾಗ ಚಮನ್ ಮಾಲೀಕರು ಕಣ್ಣು ಮುಚ್ಚಿದರು, ಅವರ ಮಗಳು ನಸ್ರೀನ್ ಅದನ್ನು ವಹಿಸಿಕೊಂಡಳು. ಮಹಬೂಬ್‌ನಗರದ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವಳು, ಕನ್ನಡಕದವಳು, ಎದುರಿಗೆ ಕೂತವರ ಮಾತನ್ನು ಪೂರ್ತಿ ಕೇಳಿಸಿಕೊಳ್ಳುವ ಅಪಾಯಕಾರಿ ಅಭ್ಯಾಸದವಳು. ಒಂದು ದಿನ ನನಗೆ ಫೋನು ಬಂತು. "ಸಾರ್, ಸುರಂಗಾನ ಈ ಕಾಲಕ್ಕ ತಕ್ಕಂಗ ಮಾಡಬೇಕಂತ ಮಾಡೀನಿ. ಹಳೇ ಗೊಂಬಿ ನೋಡಿ ಮಕ್ಕಳು ಏನ್ ಕಲೀತಾರ್ರೀ? ಹೆಂಡ್ತಿ ಅಂದ್ರ ಹೊಡಿಯಾಕಿ, ಕುರಿ ಕಾಯಾಂವ ಅಂದ್ರ ದಡ್ಡ. ನೀವು ಮಾಡ್ದಾವ್ರು, ನೀವೂ ಮೀಟಿಂಗಿಗೆ ಬರ್ರಿ."

ನಾನು ಕೆಂಡವಾದೆ. ಹಳೆಯದನ್ನೆಲ್ಲ ತಿದ್ದುತ್ತ ಹೋದರೆ ಉಳಿಯುವುದೇನು, ನಗುವುದಕ್ಕೂ ಪರವಾನಿಗೆ ಬೇಕೇ, ಕಲೆಗೆ ಸ್ವಾತಂತ್ರ್ಯ ಬೇಡವೇ ಎಂದು ಕನ್ನಡಿಯ ಮುಂದೆ ನಿಂತು ಒಂದು ಭಾಷಣ ತಯಾರಿಸಿದೆ. ಭಾಗಮ್ಮ ರೊಟ್ಟಿ ಬಡಿಯುತ್ತ ಪೂರ್ತಿ ಕೇಳಿಸಿಕೊಂಡಳು. "ಚೊಲೊ ಮಾತಾಡ್ತೀರಿ" ಎಂದಳು. ನನಗೆ ಇನ್ನೂ ಹುರುಪು ಬಂತು.

ಮೀಟಿಂಗು ಚಮನ್‌ನ ಟಿಕೆಟ್ ಕೋಣೆಯಲ್ಲಿ. ಕುರಿಗಾರರ ಪರವಾಗಿ ಮಕ್ತಲ್ ಕಡೆಯ ಮೈಲಾರಪ್ಪ ಬಂದಿದ್ದ, ಹೆಗಲ ಮೇಲೆ ಕಂಬಳಿ, ಹಣೆಗೆ ದಪ್ಪ ಅರಿಶಿನದ ಭಂಡಾರ. ಅವನು ಕೋಲೆತ್ತಿದರೆ ಯಾವ ಬಾಗಿಲಿನಿಂದ ಓಡುವುದೆಂದು ನಾನು ಮೊದಲೇ ನೋಡಿಟ್ಟುಕೊಂಡೆ. ನಸ್ರೀನ್ ಬಹಳ ಮರ್ಯಾದೆಯಿಂದ, ಈ ಗೊಂಬೆಯಿಂದ ನಿಮ್ಮವರಿಗೆ ಅವಮಾನ ಆಗಿದೆಯೇ ಎಂದು ಕೇಳಿದಳು.

"ಆಗೇತಿ" ಎಂದ ಮೈಲಾರಪ್ಪ. "ಭಾಳ ಆಗೇತಿ. ಕುರಿ ಬೆಳ್ಳಗೈತಿ!"

ನಾವು ಅವನ ಮುಖ ನೋಡಿದೆವು.

"ನಮ್ಮ ಕುರಿ ಕರೀವು ಇರ್ತಾವ್ರೀ. ಕರೀ ಉಣ್ಣಿ ಇಲ್ಲಂದ್ರ ಈ ಕಂಬಳಿ ಎಲ್ಲಿಂದ ಬರ್ತೈತಿ? ಮೂವತ್ತು ವರ್ಷ ಆತು, ನಮ್ಮಾಂವ ಯಾವ್ದೋ ದೇಶದ ಬಿಳೇ ಕುರಿ ಹಿಂದ ಹೊಂಟಾನ. ಬೀರಪ್ಪ ದೇವರ ಮುಂದ ನಿಂತು ಏನಂತ ಹೇಳೋಣ? ಹಗ್ಗ ಇರ್ಲಿ ಬಿಡ್ರಿ. ಕುರಿ ಕರ್ಕೊಂಡು ಹೋದ ಕಡಿಗೇ ನಾವು ಹೋಗೋದು, ಅದ್ರಾಗ ಸುಳ್ಳೇನೈತಿ?"

ನಸ್ರೀನ್ ಅದನ್ನು ಬರೆದುಕೊಂಡಳು. ಮಲಗಿದ ಸಾಹೇಬನ ಗೊಂಬೆಯ ವಿಷಯಕ್ಕೆ ಬಂದಾಗ, ಅದನ್ನು ಈ ಕಾಲಕ್ಕೆ ಹೊಂದಿಸಲು ಏನೂ ಮಾಡಬೇಕಾಗಿಲ್ಲವೆಂದು ಎಲ್ಲರೂ ಒಂದೇ ಬಾಯಲ್ಲಿ ಹೇಳಿದರು. ಉಳಿದದ್ದು ಗಯ್ಯಾಳಿ. ನಾನು ಎದ್ದು ನಿಂತು ಭಾಷಣ ಮಾಡಿದೆ. ಚೆನ್ನಾಗಿಯೇ ಮಾಡಿದೆ, ಮೈಲಾರಪ್ಪ ತಲೆದೂಗಿದ. ಗಯ್ಯಾಳಿಯ ಒಂದು ಕೂದಲೂ ಕೊಂಕಬಾರದು, ಅವಳು ಈ ಸೀಮೆಯ ಆಸ್ತಿ ಎಂದು ಮುಗಿಸಿದೆ. ನಸ್ರೀನ್ ಪೂರ್ತಿ ಕೇಳಿಸಿಕೊಂಡು, "ಸಾರ್ ಹೇಳೋದು ಸರಿ ಐತಿ. ನಾವು ನಾವೇ ಕುಂತು ತೀರ್ಮಾನ ಮಾಡೋದು ಬ್ಯಾಡ. ಹೆಣ್ಣುಮಕ್ಕಳೇ ಬಂದು ನೋಡ್ಲಿ. ನಾರಾಯಣಪೇಟಿ ನೇಯ್ಗಿ ಹೆಣ್ಣುಮಕ್ಕಳ ಸಂಘಕ್ಕ ಹೇಳೀನಿ, ಐತವಾರ ಬರ್ತಾರ" ಎಂದು ಹೆಸರಿನ ಪಟ್ಟಿಯನ್ನು ನನ್ನ ಮುಂದೆ ಸರಿಸಿದಳು. ಮೂರನೆಯ ಹೆಸರು ಭಾಗಮ್ಮನದು. ಪಕ್ಕದಲ್ಲಿ ಅವಳದೇ ಸಹಿ.

ಆಧುನಿಕ ಮೌಲ್ಯಗಳ ವಿಷಯದಲ್ಲಿ ನನಗೆ ಜ್ಞಾನೋದಯವಾದದ್ದು ಆ ಕ್ಷಣದಲ್ಲಿ. ಕುರ್ಚಿಯಿಂದ ಏಳುವಷ್ಟರಲ್ಲಿ ನಾನು ಸಂಪೂರ್ಣ ಸುಧಾರಣಾವಾದಿಯಾಗಿದ್ದೆ. "ನೋಡಮ್ಮ, ಯೋಚನೆ ಮಾಡಿದರೆ ನೀನು ಹೇಳಿದ್ದೇ ಸರಿ. ಹೆಣ್ಣುಮಕ್ಕಳಿಗೆ ಇದು ಘೋರ ಅಪಮಾನ. ಐತವಾರದವರೆಗೂ ಯಾಕೆ, ನಾಳೆಯೇ ತೆಗೆದುಬಿಡೋಣ" ಎಂದೆ. ನಸ್ರೀನ್ ಕನ್ನಡಕ ತೆಗೆದು ನನ್ನನ್ನು ನೋಡಿದಳು. "ಈಗಿನ್ನ ಆಸ್ತಿ ಅಂದ್ರಲ್ಲ ಸಾರ್?" ಎಂದಳು. ಮೈಲಾರಪ್ಪ ಕೂಡ ಅನುಮಾನದಿಂದ ನೋಡಿದ. ಕುರಿಗಳ ನಡುವೆ ಬದುಕಿದವನಿಗೆ, ಹಿಂಡಿನಲ್ಲಿ ಯಾವುದು ಕುಂಟುತ್ತಿದೆಯೆಂಬುದು ಬೇಗ ತಿಳಿಯುತ್ತದೆ. "ಹೆಣ್ಮಕ್ಕಳು ನೋಡ್ಲಿ ಬಿಡ್ರಿ ಮಾಸ್ತರ" ಎಂದ.

ಶನಿವಾರ ಮಧ್ಯಾಹ್ನ, ಕುರಿಗೆ ಕರಿ ಬಣ್ಣ ಹಚ್ಚುತ್ತೇನೆಂದು ಹೇಳಿ ನಾನೊಬ್ಬನೇ ಸುರಂಗದೊಳಗೆ ಹೋದೆ. ಕುರಿಗೆ ಬಣ್ಣ ಹಚ್ಚಿದೆ, ಅರ್ಧ. ಉಳಿದ ಹೊತ್ತೆಲ್ಲ ಗಯ್ಯಾಳಿಯ ಮುಂದೆ. ಮೊದಲು ಅವಳ ಕೈಯ ಲಟ್ಟಣಿಗೆಯನ್ನು ಕಿತ್ತು ಪುಸ್ತಕ ಕೊಡೋಣವೆಂದುಕೊಂಡೆ. ಲಟ್ಟಣಿಗೆಯ ಒಳಗೂ ನಾನು ಸರಳು ಕೊಟ್ಟಿದ್ದೆ, ಅಲ್ಲಾಡಲಿಲ್ಲ. ನಾನು ಬದುಕಿನಲ್ಲಿ ಗಟ್ಟಿಯಾಗಿ ಮಾಡಿದ ಕೆಲಸ ಅದೊಂದೇ ಇರಬೇಕು. ಆಮೇಲೆ ಸೀರೆಗೆ ಕೈ ಹಾಕಿದೆ. ನೆರಿಗೆ ನಿಲ್ಲಲಿ ಎಂದು ಅಂದು ಹಸಿ ಪ್ಲಾಸ್ಟರಿನ ಮೇಲೆ ಗೋಂದು ಬಳಿದು ಉಡಿಸಿದ್ದೆ, ಈಗ ಸೀರೆಯೂ ಗೊಂಬೆಯೂ ಒಂದೇ ಆಗಿದ್ದವು. ಎಳೆದರೆ ಹರಿಯುತ್ತಿತ್ತು. ಮೈಯ ಕೆಂಪು ಮಾಸಿ ಮಣ್ಣಿನ ಬಣ್ಣಕ್ಕೆ ಬಂದಿತ್ತು. ಅಂಚು ಮಾತ್ರ ಮೊನ್ನೆ ಮಗ್ಗದಿಂದ ಇಳಿದ ಹಾಗೆ ಇತ್ತು. ಸೆರಗಿನ ತುದಿಯನ್ನು ನಾನೇ ಅವಳ ಸೊಂಟಕ್ಕೆ ಸಿಕ್ಕಿಸಿ ದೀಪದ ಕಡೆಗೆ ತಿರುಗಿಸಿಟ್ಟಿದ್ದೆ. ಬಿಳಿ ಎಳೆ ದೀಪಕ್ಕೆ ಹೊಳೆಯುತ್ತಿತ್ತು.

ಕತ್ತರಿ ನನ್ನ ಕೈಯಲ್ಲೇ ಇತ್ತು. ಕತ್ತರಿಸಿಬಿಡು, ಐದು ನಿಮಿಷದ ಕೆಲಸ ಎಂದು ನನಗೆ ನಾನೇ ಹೇಳಿಕೊಂಡೆ. ಮಾವನವರು ಕಣ್ಣಿಗೆ ದಪ್ಪ ಗಾಜು ಹಾಕಿಕೊಂಡು ಒಂದೊಂದು ಗೋಪುರ ಎಣಿಸಿ ಕೂತಿದ್ದು ನೆನಪಾಯಿತು. ಅವರು ಬದುಕಿದ್ದಾಗ ಹೋಗಲಿಲ್ಲ, ಹೋಗುವಾಗ ಹೋಗಲಿಲ್ಲ, ಈಗ ಅವರ ಕೈ ಉಳಿದಿರುವ ಕಡೆಗೆ ಕತ್ತರಿ ಹಿಡಿದು ಬಂದಿದ್ದೇನೆ. ನಡುಗುವ ಗಂಡನ ಗೊಂಬೆಯ ಪಕ್ಕದಲ್ಲಿ, ಅದೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಯಾರಾದರೂ ಆಗ ರೈಲು ತಂದಿದ್ದರೆ ಇಬ್ಬರಲ್ಲಿ ಗೊಂಬೆ ಯಾವುದೆಂದು ಕೇಳಬೇಕಾಗುತ್ತಿತ್ತು. ಕೊನೆಗೆ ನನ್ನಿಂದಾದದ್ದು ಒಂದೇ: ದನಿಯ ತಂತಿ ಕಿತ್ತು ಹಾಕಿದೆ. ಮುಖ ಅವಳದಲ್ಲ ಎನ್ನಬಹುದು, ಸೀರೆ ಕತ್ತಲೆಯಲ್ಲಿ ಕಾಣಲಿಲ್ಲ ಎನ್ನಬಹುದು, ಮಾತೊಂದು ಕೇಳದಿದ್ದರೆ ಸಾಕು ಎಂದುಕೊಂಡೆ.

ಭಾನುವಾರ ಬೆಳಿಗ್ಗೆ ಹದಿನೆಂಟು ಹೆಣ್ಣುಮಕ್ಕಳು ಒಂದು ಟೆಂಪೋದಲ್ಲಿ ಹೊರಟರು. ನನಗೆ ಜ್ವರ ಬಂದಿತ್ತು, ನಿಜವಾದ ಜ್ವರವಲ್ಲ. "ನೀವೂ ಬರ್ರಿ, ಮಾಡ್ದಾವ್ರು ಇಲ್ಲಂದ್ರ ಹೆಂಗ?" ಎಂದಳು ಭಾಗಮ್ಮ. ನಾರಾಯಣಪೇಟೆಯಿಂದ ಗದ್ವಾಲಿಗೆ ಮಕ್ತಲ್ ಮೇಲೆಯೇ ಹೋಗಬೇಕು, ಬೇರೆ ದಾರಿಯಿದ್ದರೆ ನಾನು ಆ ಮೂವತ್ತು ವರ್ಷವೂ ಅದನ್ನೇ ಹಿಡಿಯುತ್ತಿದ್ದೆ. ಮಕ್ತಲ್‌ನಲ್ಲಿ ಚಹಾಕ್ಕೆಂದು ಟೆಂಪೋ ನಿಂತಿತು. ಎಲ್ಲರೂ ಇಳಿದು ಹೋಟೆಲಿಗೆ ನುಗ್ಗಿದರು. ಭಾಗಮ್ಮ ಬೇವಿನ ಮರದ ನೆರಳಿಗೆ ನಿಂತು ಚಹಾ ಊದುತ್ತ, ತವರಿನ ಓಣಿಯ ಕಡೆ ನೋಡುತ್ತಿದ್ದಳು.

"ಆ ಡಬ್ಬಿ ಎಲ್ಲಿ ತಂದಿದ್ರಿ?" ಎಂದಳು.

"ಯಾವ ಡಬ್ಬಿ?"

"ಸಕ್ರಿ ಡಬ್ಬಿ."

"ಹೇಳಿದ್ದೆನಲ್ಲ, ಪಾತ್ರೆಯವನು..."

"ನಮ್ಮ ಓಣಿಗೆ ಬರೋ ಪಾತ್ರಿಯಾಂವ ನಾಕು ಸೀರಿ ಕೊಟ್ರ ಒಂದು ಚಮಚ ಕೊಡಾಂವ. ಹರಕು ಸೀರಿ ಒಂದಕ್ಕ ಮುಚ್ಚಳದ ಡಬ್ಬಿ ಕೊಟ್ಟಾನಂತ! ಅವಾಗ್ಲೇ ನನಗ ನಗು ಬಂದಿತ್ತು." ಅವಳು ಚಹಾ ಕುಡಿದಳು. "ಸುರಂಗ ಸುರು ಆದ ಮೊದಲನೇ ವಾರಾನೇ ಓಣಿಯಾಗಿನ ಹೆಣ್ಮಕ್ಕಳು ಹೋಗಿ ನೋಡಿ ಬಂದ್ರು. ಮೂಗು ಯಾರದು, ಮಚ್ಚಿ ಯಾರದು ಯಾರೂ ಕೇಳ್ಲಿಲ್ರೀ. ಭಾಗಮ್ಮ, ನಿಮ್ಮಪ್ಪನ ಸೀರಿ ಅಲ್ಲಿ ನಿಂತೈತಿ ಅಂದ್ರು."

ನಾನು ಮುಖ ಬಿಡಿಸುವವನು. ಗುರುತೆಂದರೆ ಮುಖವೆಂದು ತಿಳಿದು ಮೂಗಿಗೆ ಅಷ್ಟು ಕಷ್ಟಪಟ್ಟೆ. ನಾನಿರುವ ಊರು ಸೆರಗು ನೋಡಿ ಮಗ್ಗ ಹೇಳುವ ಊರು, ಅಂಚು ಮುಟ್ಟಿ ಕೈ ಯಾರದೆಂದು ಹೇಳುವ ಊರು. ಮೂವತ್ತು ವರ್ಷ ಅವಳನ್ನು ಬಚ್ಚಿಟ್ಟಿದ್ದೇನೆಂದುಕೊಂಡು ನಾನು ಅವಳ ಹೆಸರನ್ನೇ ಉಡಿಸಿ ದೀಪದ ಕೆಳಗೆ ನಿಲ್ಲಿಸಿದ್ದೆ. ನಮ್ಮ ಓಣಿಯಲ್ಲಿ ನನಗೆ ದಿನವೂ ನಮಸ್ಕಾರ ಹೇಳಿದ ಒಬ್ಬೊಬ್ಬ ಹೆಂಗಸಿಗೂ ಗೊತ್ತಿತ್ತು. ಬೇವಿನ ಮರಕ್ಕೆ ಒರಗಿದೆ.

"ಮತ್ತೆ ಯಾಕೆ ಒಂದು ಮಾತೂ ಅನ್ನಲಿಲ್ಲ?" ಎಂದೆ.

"ನೀವು ಹೇಳ್ತೀರೇನು ಅಂತ ನೋಡಾಕ ಹತ್ತಿದ್ದೆ" ಎಂದು ಅವಳು ಲೋಟ ವಾಪಸು ಕೊಡಲು ಹೋದಳು.

ಟೆಂಪೋ ಮತ್ತೆ ಹೊರಟಿತು. ನನಗೆ ಉಳಿದಿದ್ದ ಒಂದೇ ಆಸರೆ ಆ ಕಿತ್ತ ತಂತಿ. ಸೀರೆ ಗೊತ್ತಾಗಿದೆ, ಆಯಿತು. ಮಾತು ಎಲ್ಲಿಂದ ಬಂತೆಂದು ಗೊತ್ತಿರಲಿಕ್ಕಿಲ್ಲ. ಗೊತ್ತಿದ್ದರೂ ಇವತ್ತು ಆ ಗೊಂಬೆಯ ಬಾಯಿಂದ ಕೇಳುವುದಿಲ್ಲ. ಅಷ್ಟಾದರೂ ಅವಳಿಗೆ ಮಾಡಿದ್ದೇನೆ ಎಂದು ಸಮಾಧಾನ ಮಾಡಿಕೊಂಡೆ.

ರೈಲಿನಲ್ಲಿ ಅವಳ ಪಕ್ಕದಲ್ಲೇ ನನಗೆ ಜಾಗ. ಕುರಿಯ ಮುಂದೆ ನಿಂತಿತು. ಅರ್ಧ ಕಪ್ಪು, ಅರ್ಧ ಬಿಳುಪಿನ ಕುರಿ ನೋಡಿ ಹೆಂಗಸರು ನಕ್ಕರು. ಸಾಹೇಬನ ಮುಂದೆ ನಿಂತಿತು, ಅವನು ಗೊರಕೆ ಹೊಡೆದ. ಮೂರನೆಯ ದೀಪ ಹೊತ್ತಿತು. ಲಟ್ಟಣಿಗೆ ಎದ್ದಿತು, ಬಿತ್ತು. ಗೊಂಬೆ ಸುಮ್ಮನಿತ್ತು. ಒಂದು ಗಳಿಗೆ ಸುರಂಗದಲ್ಲಿ ಮೋಟರಿನ ಸದ್ದು ಬಿಟ್ಟರೆ ಬೇರೇನೂ ಇಲ್ಲ. ನಾನು ಉಸಿರು ಬಿಡಬೇಕೆನ್ನುವಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬಳು, "ಅಯ್ಯ, ಇದರ ಬಾಯಿ ಬಿದ್ದೈತೇನ?" ಎಂದಳು. ಕೂಡಲೇ ಹದಿನೇಳು ಹೆಂಗಸರು ಗೊಂಬೆಗೆ ಸಹಾಯ ಮಾಡುವವರ ಹಾಗೆ ಒಟ್ಟಿಗೆ ಕೈಯೆತ್ತಿ ಕಿರುಚಿದರು: "ಈಗ ಬಂದ್ರೇನ್ರೀ?"

ನನ್ನ ದನಿಯಲ್ಲೇ ಕಿರುಚಿದರು. ಅದೇ ಎತ್ತರ, ಕೊನೆಗೆ ಅದೇ ಎಳೆತ. ತಂತಿ ಕೀಳಲು ಇನ್ನು ಎಲ್ಲಿಗೆ ಹೋಗಲಿ? ಗುಂಡುಮಾಲ್‌ನಿಂದ ಮಾನೋಪಾಡಿನವರೆಗೆ ಎಷ್ಟು ಗಂಟಲುಗಳಿಂದ ಕೀಳಲಿ? ಭಾಗಮ್ಮ ಕಿರುಚಲಿಲ್ಲ, ನಗಲೂ ಇಲ್ಲ. ಗೊಂಬೆಯ ಮುಖವನ್ನು ಒಂದು ಸಲವೂ ನೋಡಲಿಲ್ಲ. ಮುಂದೆ ಬಾಗಿ, ಕೈ ಚಾಚಿ, ಸೆರಗಿನ ತುದಿಯ ಬಿಳಿ ಎಳೆಯ ಮೇಲೆ ಬೆರಳಿಟ್ಟಳು. ರೈಲು ಹೊರಡುವವರೆಗೂ ಹಾಗೆಯೇ ಇಟ್ಟಿದ್ದಳು.

ಹೊರಗೆ ಬಂದಾಗ ನಸ್ರೀನ್ ಎಲ್ಲರಿಗೂ ಒಂದೊಂದು ಹಾಳೆ ಕೊಟ್ಟಳು, ಏನು ಬದಲಾಗಬೇಕು ಬರೆಯಿರಿ ಎಂದು. ರೊಟ್ಟಿ ಬಡಿಯೋರ ಕೈಯಾಗ ಲಟ್ಟಣಿಗಿ ಯಾಕ ಎಂದು ಸುಮಾರು ಎಲ್ಲರೂ ಬರೆದಿದ್ದರು. ಗಂಡನಿಗೂ ಒಂದು ಕೆಲಸ ಹಚ್ಚಿರಿ, ಸುಮ್ಮನೆ ನಿಂತಿದ್ದಾನೆ ಎಂದು ಇಬ್ಬರು ಬರೆದಿದ್ದರು. ಭಾಗಮ್ಮ ಕಟ್ಟೆಯ ಮೇಲೆ ಕೂತು ಬಹಳ ಹೊತ್ತು ಬರೆದಳು. ನಸ್ರೀನ್ ಆ ಹಾಳೆಯನ್ನು ಓದಿ, ಮಡಚಿ, ನನ್ನ ಕೈಗೆ ಕೊಟ್ಟಳು. ಅದರಲ್ಲಿ ಮೂರೇ ಸಾಲು ಇದ್ದವು.

"ಗೊಂಬಿ ಇರಲಿ, ಸೀರಿ ಬದಲಿ ಮಾಡಬ್ಯಾಡ್ರಿ. ಲಟ್ಟಣಿಗಿ ತೆಗೀರಿ. ದನಿ ಸಣ್ಣದು ಮಾಡ್ರಿ, ಅಕಿ ಅವತ್ತು ಒದರಿದ್ದಿಲ್ಲ."

ನಾನು ಅದನ್ನು ನಿಂತುಕೊಂಡೇ ಎರಡು ಸಲ ಓದಿದೆ. ಹೌದು, ಅವಳು ಅವತ್ತು ಕೂಗಿರಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡು, ಒಳಗೆ ಕೂತವರಿಗೂ ಕೇಳದಷ್ಟು ಮೆಲ್ಲಗೆ ಹೇಳಿದ್ದಳು. ನಾನು ಮಾಡಿದ ಅಪಮಾನಗಳಲ್ಲೆಲ್ಲ ದೊಡ್ಡದು ಮೂಗಲ್ಲ, ಸೀರೆಯಲ್ಲ, ಆ ದನಿಯ ಎತ್ತರ. ಅಷ್ಟು ವರ್ಷ ನನ್ನದೇ ಕಿರುಚಾಟ ಕೇಳಿ ಕೇಳಿ, ಅವಳ ದನಿ ಹೇಗಿತ್ತೆಂಬುದೇ ನನಗೆ ಮರೆತುಹೋಗಿತ್ತು.

ನಸ್ರೀನ್ ಹೊಸ ಕಾಲದ ಹುಡುಗಿ, ಆದರೆ ದಯೆಯಿಲ್ಲದವಳು. "ಸಾರ್, ಮೊದಲಿನ ದನಿ ನಿಮ್ಮದೇ ಅಲ್ಲೇನ್ರೀ? ಹೊಸದೂ ನೀವೇ ಕೊಡ್ರಿ" ಎಂದಳು. ಲಟ್ಟಣಿಗೆಯನ್ನು ಬಡಗಿ ಗರಗಸ ತಂದು ಕತ್ತರಿಸಿದ. ಕುರಿ ಪೂರ್ತಿ ಕಪ್ಪಾಯಿತು, ಮೈಲಾರಪ್ಪ ಬಂದು ಅದರ ಹಣೆಗೆ ಭಂಡಾರ ಹಚ್ಚಿ ಹೋದ. ದನಿಯೊಂದು ಬಾಕಿಯಿದೆ. ದಿನವೂ ಊಟವಾದ ಮೇಲೆ ನಡುಮನೆಯಲ್ಲಿ ಕೂತು ಮೊಬೈಲಿಗೆ ಆ ಮಾತನ್ನು ಹೇಳುತ್ತೇನೆ. ಮೆಲ್ಲಗೆ ಹೇಳಿದರೆ ನಾಟಕದ ಹಾಗೆ ಕೇಳುತ್ತದೆ, ಇನ್ನೂ ಮೆಲ್ಲಗೆ ಹೇಳಿದರೆ ನೆಗಡಿಯಾದವನ ಹಾಗೆ. ಮೂರು ಊರನ್ನು ನಗಿಸಿದ ಗಂಟಲಿಗೆ ಎರಡು ಪದ ಬರುತ್ತಿಲ್ಲ. ನಿನ್ನೆ ಒಂದು ಸಲ ಸರಿಯಾಗಿ ಬಂತೆಂದು ನನಗೆ ಅನ್ನಿಸಿತು, ಕಣ್ಣೂ ತೇವವಾಗಿತ್ತು. ಮೊಬೈಲು ಕೆಳಗಿಟ್ಟು ಅಡುಗೆಮನೆಯ ಕಡೆ ಕಿವಿಗೊಟ್ಟೆ. ಒಳಗೆ ಸಕ್ಕರೆ ಡಬ್ಬಿಯ ಮುಚ್ಚಳ ಹಾಕಿದ ಸದ್ದಾಯಿತು.

"ಇನ್ನೂ ಜೋರ ಐತ್ರೀ" ಎಂದಳು ಭಾಗಮ್ಮ.